ಇದ್ದ ಬಣ್ಣ ತೋರಿಸುವ ಮಾನಿಟರ್

ಕೊಳ್ಳೇಗಾಲದ ಕಂಪ್ಯೂಟರ್ ಅಂಗಡಿಯವನು ನನಗೆ ಒಳ್ಳೆಯ ಮಾತನ್ನೇ ಹೇಳಿದ್ದ. ನಾನು ಕೇಳಲಿಲ್ಲ, ಅಷ್ಟೆ.

"ಮೇಡಂ, ಎಡಿಟಿಂಗ್‌ಗೆ ಗ್ರಾಫಿಕ್ಸ್ ಕಾರ್ಡ್ ದೊಡ್ದು ಆಕಿಸ್ಕಳಿ. ಮಾನಿಟರ್ ಯಾವ್ದಾದ್ರೇನು? ಮದ್ವೆ ವಿಡಿಯೋ ತಾನೆ?"

ಆ 'ತಾನೆ' ಕೇಳಿ ನನಗೆ ಮೈಯೆಲ್ಲ ಉರಿಯಿತು. ಯಳಂದೂರಿನ ನಮ್ಮ ಮನೆಯಲ್ಲಿ ಕೂತು, ಸುತ್ತಮುತ್ತಲಿನ ಸ್ಟುಡಿಯೋದವರು ತೆಗೆದ ಮದುವೆಗಳನ್ನೆಲ್ಲ ಕತ್ತರಿಸಿ ಜೋಡಿಸುವವಳು ನಾನು. ಹಳೆಯ ಮಾನಿಟರ್ ಎಲ್ಲವನ್ನೂ ನೀಲಿಯಾಗಿ ತೋರಿಸುತ್ತಿತ್ತು. ಅದನ್ನು ನಂಬಿ ನಾನು ಹಳದಿ ಬೆರೆಸುತ್ತಿದ್ದೆ; ಜನರ ಮನೆಯ ಟಿವಿಯಲ್ಲಿ ಮದುಮಕ್ಕಳಿಗೆಲ್ಲ ಕಾಮಾಲೆ ಬಂದ ಹಾಗಿರುತ್ತಿತ್ತು. ಬೈಸಿಕೊಂಡು ಸಾಕಾಗಿತ್ತು. ಕಾರ್ಡು, ಮಾನಿಟರು ಎರಡೂ ಒಳ್ಳೆಯದನ್ನೇ ತರಲು ದುಡ್ಡು ಸಾಲದು. ಹಾಗಾಗಿ ಸಣ್ಣ ಕಾರ್ಡ್ ಹಾಕಿಸಿ, ಇದ್ದ ಬಣ್ಣವನ್ನು ಇದ್ದ ಹಾಗೇ ತೋರಿಸುವ ಮಾನಿಟರನ್ನು ಹಟ ಹಿಡಿದು ತಂದೆ.

ಅದರಲ್ಲಿ ಮೊದಲು ತೆರೆದದ್ದು ಕಾಮಗೆರೆಯ ಒಂದು ಮದುವೆ. ಹುಡುಗಿ ಕಪ್ಪು. ಎಷ್ಟು ಲಕ್ಷಣವಾದ ಕಪ್ಪು ಅಂದರೆ, ನಾನು ಕೆಲಸ ಬಿಟ್ಟು ಸುಮ್ಮನೆ ನೋಡುತ್ತ ಕೂತೆ. ಹಳೆಯ ಪರದೆಯಲ್ಲಾಗಿದ್ದರೆ ಮುಖಕ್ಕೆ ಬೂದಿ ಬಳಿದ ಹಾಗೆ ಕಾಣುತ್ತಿತ್ತು. ಇಲ್ಲಿ ಅವಳ ಕೆನ್ನೆಯ ಮೇಲೆ ಬಿದ್ದ ದೀಪದ ಬೆಳಕೂ ಗೊತ್ತಾಗುತ್ತಿತ್ತು. ತಂದದ್ದು ಸಾರ್ಥಕವಾಯಿತು ಅಂದುಕೊಂಡೆ.

ಮಾರನೆಯ ದಿನ ಅವಳ ತಾಯಿ ಬಸ್ಸು ಬದಲಾಯಿಸಿಕೊಂಡು ನಮ್ಮ ಮನೆ ಹುಡುಕಿ ಬಂದರು. ಸ್ಟುಡಿಯೋದವರು ಕಳಿಸಿದ್ದರಂತೆ.

"ಉಡುಗೀನ ಒಸಿ ಬೆಳ್ಳಗೆ ಮಾಡ್ಬುಡವ್ವ. ಗಂಡಿನೋರು ಅವ್ರೂರು ಅನೂರಲ್ಲಿ ನೆಂಟ್ರನ್ನೆಲ್ಲ ಕರ್ದು ವಿಡಿಯೋ ಆಕ್ತಾರಂತೆ. ನಮ್ ಮರ್ವಾದೆ ಕಳೀಬ್ಯಾಡಿ ಅಂತ ಅವ್ಳತ್ತೆ ಆಗ್ಲೇ ಅಂದವ್ಳೆ."

"ನಿಮ್ ಮಗ್ಳು ಎಷ್ಟು ಚೆಂದಾಗವ್ಳೆ, ನೋಡಿ ಇಲ್ಲಿ" ಎಂದು ಪರದೆಯನ್ನು ಅವರ ಕಡೆ ತಿರುಗಿಸಿದೆ.

ನೋಡಿದರು. ಮುಖ ಅರಳಿತು, ಮತ್ತೆ ಬಾಡಿತು. "ನಂಗೊತ್ತಿಲ್ವ ನನ್ ಮಗ್ಳು ಚೆಂದಾಗವ್ಳೆ ಅಂತ? ಅಲ್ಲಿ ಬಾಳ್ಬೇಕಾದೋಳು ಅವ್ಳು ಕಣವ್ವ, ನೀನಲ್ಲ."

ಕೆಟ್ಟ ಸಿಟ್ಟು ಬಂತು. ಯಾರ ಮೇಲೆ ತೋರಿಸುವುದು? ಇವರ ಮೇಲಂತೂ ಆಗದು. ಹುಡುಗಿಯ ಮುಖಕ್ಕೂ ಕೈಗಳಿಗೂ ಗೆರೆ ಸುತ್ತಿ ಬಿಳುಪು ಏರಿಸತೊಡಗಿದೆ. ಅವಳು ಅಲುಗಾಡಿದ ಕಡೆಗೆಲ್ಲ ಆ ಗೆರೆಯೂ ಹೋಗಬೇಕು. ದೊಡ್ಡ ಕಾರ್ಡ್ ಇದ್ದರೆ ಸರಸರನೆ ಹೋಗುತ್ತದೆ, ನನ್ನದು ತೆವಳುತ್ತಿತ್ತು. ಒಂದೊಂದು ದೃಶ್ಯದಲ್ಲೂ ಅವಳ ಬಣ್ಣ ಹೋಗುವುದನ್ನು ಕಣ್ಣಾರೆ ಕಾಣುತ್ತ ಕೂರಬೇಕಾಯಿತು. ಈ ಕಸುಬಿಗೆ ಬೇಕಾದದ್ದು ಕಾರ್ಡೇ ಅಂತ ಆಗ ಮನಸ್ಸಿಗೆ ಚುಚ್ಚಿತು.

ಧಾರೆಯ ದೃಶ್ಯ ಬಂತು. ಜೋಡಿಸಿದ ಕೈಗಳ ಮೇಲೆ ತಾಯಿ ಹಾಲೆರೆಯುತ್ತಿದ್ದಾರೆ. ತಾಯಿ ಮಗಳಿಗೆ ಒಂದೇ ಹಣೆ, ಒಂದೇ ಮೂಗು, ಒಂದೇ ಬಣ್ಣ ಇತ್ತು. ನಾನು ಕೈಹಾಕಿದ ಮೇಲೆ ಪಕ್ಕದಲ್ಲಿ ನಿಂತವಳು ಬೇರೆ ಯಾರದೋ ಮನೆಯ ಹುಡುಗಿಯಾದಳು. ಆ ಮಾನಿಟರ್ ಅದನ್ನೂ ಮುಚ್ಚಿಡಲಿಲ್ಲ.

ತಾಯಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಪರದೆಯಲ್ಲಿದ್ದ ತಮ್ಮ ಮುಖಕ್ಕೆ ಬೆರಳಿಟ್ಟು, ಸಣ್ಣ ದನಿಯಲ್ಲಿ ಕೇಳಿದರು.

"ನನ್ನೂ ಒಸಿ ಬೆಳ್ಳಗೆ ಮಾಡ್ಬುಡವ್ವ. ಇಲ್ದಿದ್ರೆ ಅವ್ಳು ನನ್ ಮಗ್ಳು ಅಂತ ಯಾರಂದಾರು?"