ವಾಲ್ವಿನ ಸದ್ದು ಬಲ್ಲ ಅವ್ವ

"ತಮ್ಮಾ, ಹ್ಯಾಂಡಲ್ ತಿರುಗಿಸೋದು ಬಿಡು. ಒಂದು ವಾಲ್ವ್ ಮುಚ್ಚವಲ್ದು, ಗಾಳಿ ಸೋರಾಕತ್ತದ."

ಬೆಚ್ಚಿ ತಿರುಗಿದೆ. ಕಟ್ಟಿಗೆ ಹೊರೆ ಹೊತ್ತ ಮುದುಕಿಯೊಬ್ಬಳು ನಿಂತಿದ್ದಳು. ಆಗ ನಿಜಾಮರ ಕಾಲ; ನಾನು ಕಲಬುರಗಿಯಲ್ಲಿ ಬಾಡಿಗೆ ಮೋಟಾರು ಓಡಿಸುತ್ತಿದ್ದೆ. ಅಂದು ಕಮಲಾಪುರದ ಹತ್ತಿರ ಗಾಡಿ ಕೆಟ್ಟು, ಅದನ್ನು ಶುರುಮಾಡಲು ಮುಂದಿನ ಹ್ಯಾಂಡಲ್ ತಿರುಗಿಸುತ್ತ ಒಬ್ಬನೇ ಒದ್ದಾಡುತ್ತಿದ್ದೆ.

ನಂಬಿಕೆ ಬರದಿದ್ದರೂ ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿದೆ. ಒಂದು ವಾಲ್ವಿನ ಕಡ್ಡಿ ಮಸಿ ಕಟ್ಟಿ ಮೇಲೆಯೇ ಸಿಕ್ಕಿಕೊಂಡು, ವಾಲ್ವ್ ತೆರೆದೇ ಇತ್ತು. ಅದನ್ನು ಕೆಳಗೆಳೆಯುವ ಶಕ್ತಿ ಸ್ಪ್ರಿಂಗಿಗೆ ಇರಲಿಲ್ಲ. ಸೀಮೆಎಣ್ಣೆ ಹಾಕಿ ಸಡಿಲಿಸಿದೆ. ಒಂದೇ ತಿರುವಿಗೆ ಎಂಜಿನ್ ಶುರುವಾಯಿತು.

"ನಿಮಗ ಹ್ಯಾಂಗ ಗೊತ್ತಾತವ್ವಾ?"

"ನಮ್ಮನಿಯವರು ಹತ್ತಿ ಗಿರಣ್ಯಾಗ ಎಂಜಿನ್ ನೋಡ್ತಿದ್ರು. ಆ ಸಪ್ಪಳಕ್ಕ ಕಡೀಕ ಅವರಿಗಿ ಕಿವಿನೇ ಕೇಳಲಾರದಂಗಾತು. ನಾನೇ ಬಾಜೂಕ ಕುಂತು, ಯಾವ ವಾಲ್ವ್ ಹ್ಯಾಂಗ ಬಡಿತದ ಅಂತ ಕೈಸನ್ನಿ ಮಾಡಿ ಹೇಳ್ತಿದ್ದೆ. ಅವರು ಹೋದ ಮ್ಯಾಲ ನನ್ನ ಯಾರೂ ಏನೂ ಕೇಳಿಲ್ಲ." ಓಡುತ್ತಿದ್ದ ಎಂಜಿನ್ನಿನತ್ತ ಕೈ ತೋರಿಸಿ, "ಈಗೇ ಬಂದ್ ಮಾಡಬ್ಯಾಡಪ್ಪ," ಎಂದಳು.

ಹೊರೆ ಇಳಿಸಿ, ಗಾಡಿಯ ಪಕ್ಕದಲ್ಲಿ ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತಳು. ಊರಿಗೆ ಬಿಡುತ್ತೇನೆಂದರೆ ಒಲ್ಲೆನೆಂದು ತಲೆಯಾಡಿಸಿ, ಹೊರೆ ಹೊತ್ತು ಹೊಲದ ದಾರಿ ಹಿಡಿದು ಹೊರಟುಹೋದಳು.

ಆಮೇಲೆ ಕಮಲಾಪುರಕ್ಕೆ ಹೋದಾಗಲೆಲ್ಲ ಅಲ್ಲಿ ಗಾಡಿ ನಿಲ್ಲಿಸಿ ಕಾದೆ. ಅವಳು ಮತ್ತೆ ಕಾಣಲಿಲ್ಲ. ವಿಚಾರಿಸೋಣವೆಂದರೆ, ಅಂದು ಹೆಸರು ಕೇಳುವುದೇ ನನಗೆ ಹೊಳೆದಿರಲಿಲ್ಲ.