ಎರಡನೆಯ ಹೆರಿಗೆಯ ಭಯ

ಮೂರು ವರ್ಷಗಳ ಹಿಂದೆ ನಾನು ಎರಡನೆಯ ಸಲ ಬಸುರಿಯಾದಾಗ ನಾವು ವಡೋದರಾದಲ್ಲಿದ್ದೆವು. ನಮ್ಮವರಿಗೆ ಮಕರಪುರದ ಕಾರ್ಖಾನೆಯಲ್ಲಿ ಕೆಲಸ. ಸುದ್ದಿ ಕೇಳಿ ಕುಂದಾಪುರದಲ್ಲಿದ್ದ ಅಮ್ಮ ಫೋನಿನಲ್ಲೇ ಅತ್ತುಬಿಟ್ಟಳು, ಸಂತೋಷಕ್ಕೆ. ನನಗೆ ಮಾತ್ರ ಅಂದಿನಿಂದಲೇ ಭಯ ಶುರುವಾಯಿತು.

ಮೊದಲ ಹೆರಿಗೆ ಸೂರತ್‌ನಲ್ಲಾಗಿತ್ತು. ದಿನ ತುಂಬುವ ಮೊದಲೇ ನೋವು ಬಂದಿದ್ದರಿಂದ ಅಮ್ಮ ಇನ್ನೂ ಊರಿನಲ್ಲೇ ಇದ್ದಳು. ಇವರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಒಳಗೆ ನರ್ಸ್‌ಗಳು ತಮ್ಮತಮ್ಮಲ್ಲೇ ಗುಜರಾತಿಯಲ್ಲಿ ಬಡಬಡನೆ ಮಾತಾಡುತ್ತ ನನ್ನ ಹೊಟ್ಟೆ ಒತ್ತಿದರು, ಕಾಲು ಹಿಡಿದರು, ಕೆಳಗೆ ಕತ್ತರಿಸಿದರು. ಏನು ಮಾಡುತ್ತಿದ್ದೀರಿ ಎಂದು ನನ್ನ ಹರಕು ಹಿಂದಿಯಲ್ಲಿ ಬೇಡಿಕೊಂಡೆ. ಸುಮ್ಮನಿರು ಎಂದರು. ಸ್ಟೀಲ್ ಟ್ರೇಯಲ್ಲಿ ಕತ್ತರಿ ಬಿದ್ದ ಸದ್ದು ಕೇಳಿತು. ಮಗುವನ್ನು ಎತ್ತಿಕೊಂಡು ಹೋದರು; ಬದುಕಿದೆಯೋ ಇಲ್ಲವೋ ಎಂದು ಎಷ್ಟೋ ಹೊತ್ತು ಯಾರೂ ಹೇಳಲಿಲ್ಲ. ಆಮೇಲೆ ಎಲ್ಲರೂ ನಾರ್ಮಲ್ ಆಯಿತಲ್ಲ, ಪುಣ್ಯ ಎಂದರು. ನಾನೂ ಬಾಯಿ ಮುಚ್ಚಿಕೊಂಡೆ. ಮಗಳು ಚೆನ್ನಾಗಿದ್ದಾಳಲ್ಲ, ಇನ್ನೇನು ಹೇಳುವುದು?

ಈ ಸಲ ಮಾತ್ರ ಆಪರೇಷನ್ನೇ ಆಗಲಿ ಎಂದು ಹಟ ಹಿಡಿದೆ. ಫೋನಿನಲ್ಲಿ ಹೇಳಿದಾಗ ಅಮ್ಮನಿಗೆ ತಲೆಬುಡ ತಿಳಿಯಲಿಲ್ಲ.

"ಒಂದ್ ಸಲ ಸುಲಭದಲ್ಲಿ ಆಯ್ತಲ್ದಾ ಹೆಣೆ, ಈಗ ಹೊಟ್ಟೆ ಕೊಯ್ಸ್ಕಂಬುದ್ ಎಂತಕ್ಕೆ?"

ಅಲ್ಕಾಪುರಿಯಲ್ಲಿ ಒಬ್ಬ ಹಿರಿಯ ಡಾಕ್ಟರಮ್ಮನ ಹತ್ತಿರ ಹೋದೆವು. ಅವರೂ ಹಾಗೇ ಅನ್ನುತ್ತಾರೆಂದು ಮೊದಲೇ ಸಿಟ್ಟು ಮಾಡಿಕೊಂಡು ಕುಳಿತಿದ್ದೆ. ಅವರು ಹಳೆಯ ಕಾಗದ ನೋಡಿ ಪೆನ್ನು ಕೆಳಗಿಟ್ಟು, ಅವತ್ತು ಏನಾಯಿತು ಎಂದು ಹಿಂದಿಯಲ್ಲಿ ಕೇಳಿದರು. ಅಷ್ಟಕ್ಕೇ ಅಳು ಬಂತು. ಎಲ್ಲ ಹೇಳಿದೆ. ಇವರೂ ಮೊದಲ ಸಲ ಕೇಳಿದ್ದು ಅವತ್ತೇ.

ಡಾಕ್ಟರಮ್ಮ ಯಾವುದನ್ನೂ ಮುಚ್ಚಿಡಲಿಲ್ಲ. ಆಪರೇಷನ್ ಬೇಕೆಂದರೆ ಮಾಡುತ್ತೇನೆ, ಗಾಯ ಮಾಯಲು ಹೆಚ್ಚು ದಿನ ಬೇಕು, ಅದಕ್ಕೂ ಅದರದೇ ಅಪಾಯಗಳಿವೆ ಎಂದರು. ನಾರ್ಮಲ್ ಆದರೆ ನೋವು ತಡೆಯಲು ಬೆನ್ನಿಗೆ ಇಂಜೆಕ್ಷನ್ ಕೊಡಬಹುದು, ಗಂಡ ಒಳಗೇ ಇರಬಹುದು, ಹೇಳದೆ ಯಾರೂ ಮುಟ್ಟುವುದಿಲ್ಲ. ಆಪರೇಷನ್‌ಗೆ ದಿನ ಗುರುತು ಹಾಕಿಡೋಣ, ಕೊನೆಯವರೆಗೂ ಮನಸ್ಸು ಬದಲಿಸಬಹುದು ಎಂದರು. ಹೊರಗೆ ಬಂದು ಇವರು ರಿಕ್ಷಾ ಕರೆಯಲೇ ಇಲ್ಲ, ಮೆಟ್ಟಿಲ ಮೇಲೆ ನಿಂತೇ ಇದ್ದರು.

"ನಾನ್ ಬಾಗ್ಲ್ ಹತ್ರವೇ ಇದ್ದಿದ್ದೆ. ನಂಗೆಂತದೂ ಗೊತ್ತಾಯ್ಲಿಲ್ಲೆ."

ಗುರುತು ಹಾಕಿದ ದಿನಕ್ಕೆ ನಾಲ್ಕು ದಿನ ಮೊದಲೇ, ಬೆಳಿಗ್ಗೆ, ಮಗಳನ್ನು ಶಾಲೆಗೆ ಬಿಟ್ಟು ಬರುವಾಗ ನೋವು ಶುರುವಾಯಿತು. ಫೋನ್ ಮಾಡಿದೊಡನೆ ಇವರು ಕಾರ್ಖಾನೆಯಿಂದ ಓಡಿಬಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಈಗಲೂ ಎರಡೂ ದಾರಿ ತೆರೆದಿವೆ, ನೀನೇ ಹೇಳು ಎಂದರು ಡಾಕ್ಟರಮ್ಮ. ಸ್ವಲ್ಪ ಹೊತ್ತು ನೋಡೋಣ ಎಂದೆ. ಧೈರ್ಯವಲ್ಲ, ಆ ಗಳಿಗೆಯಲ್ಲಿ ಚಾಕುವಿನ ಭಯವೂ ಅಷ್ಟೇ ಇತ್ತು. ಇಂಜೆಕ್ಷನ್ ಕೊಟ್ಟ ಮೇಲೆ ನೋವು ಇಳಿಯಿತು, ಭಯ ಇಳಿಯಲಿಲ್ಲ. ಇವರ ಮಣಿಕಟ್ಟು ಬಿಡಲಿಲ್ಲ ನಾನು.

ಮಧ್ಯಾಹ್ನ ಡಾಕ್ಟರಮ್ಮ ಪರೀಕ್ಷೆ ಮಾಡುತ್ತೇನೆಂದು ಹೇಳಿ ಹತ್ತಿರ ಬಂದರು. ಅಷ್ಟರಲ್ಲಿ ಯಾರೋ ಟ್ರೇ ಇಟ್ಟ ಸದ್ದಾಯಿತು. ಸೂರತ್‌ನ ಆ ಕೋಣೆಯಲ್ಲೇ ಮತ್ತೆ ಮಲಗಿದಂತಾಯಿತು. ಹಿಂದಿ, ಗುಜರಾತಿ ಎಲ್ಲ ಮರೆತುಹೋಗಿ ಕನ್ನಡದಲ್ಲೇ ಕಿರುಚಿದೆ.

"ನಿಲ್ಸಿ."

ಅಲ್ಲಿ ಇವರೊಬ್ಬರನ್ನು ಬಿಟ್ಟು ಕನ್ನಡ ಯಾರಿಗೂ ಬಾರದು. ಇವರು ಹಿಂದಿಯಲ್ಲಿ ಹೇಳಲು ಬಾಯಿ ತೆರೆಯುವ ಮೊದಲೇ ಎಲ್ಲರ ಕೈಗಳೂ ನಿಂತಿದ್ದವು. ಡಾಕ್ಟರಮ್ಮ ಎರಡು ಹೆಜ್ಜೆ ಹಿಂದೆ ಸರಿದು ಕಾದರು. ನಾನು ಉಸಿರು ಎಳೆದುಕೊಂಡು, ತಲೆಯಾಡಿಸಿದ ಮೇಲೆಯೇ ಮುಂದೆ ಬಂದರು.

ಸಂಜೆಯೊಳಗೆ ಎರಡನೆಯ ಮಗಳು ಹುಟ್ಟಿದಳು. ಅತ್ತ ತಕ್ಷಣ ಎದೆಯ ಮೇಲೆ ಇಟ್ಟರು.

ಕಡೆಗೂ ನಾರ್ಮಲ್ಲೇ ಆಯಿತಲ್ಲ ಎಂದು ಅಮ್ಮ ಇಂದಿಗೂ ಗೆದ್ದವಳಂತೆ ಹೇಳುತ್ತಾಳೆ. ಆಪರೇಷನ್ ಆಗಿದ್ದರೂ ನನಗೆ ಬೇಸರವಿರುತ್ತಿರಲಿಲ್ಲ ಎಂದರೆ ಅವಳು ನಂಬುವುದಿಲ್ಲ. ನನ್ನ ಭಯ ಪೂರ್ತಿ ಹೋಗಿಲ್ಲ, ಯಾರಾದರೂ ಹೆರಿಗೆಯ ಮಾತೆತ್ತಿದರೆ ಈಗಲೂ ಎದ್ದು ಹೋಗುತ್ತೇನೆ. ಆದರೆ ಅವತ್ತು ಮಧ್ಯಾಹ್ನ, ಅರ್ಥವಾಗದ ನನ್ನ ಒಂದೇ ಮಾತಿಗೆ ಅಷ್ಟೂ ಜನ ನಿಂತಿದ್ದರು.