ತಲೆ ಮುರಿದ ಹಕ್ಕಿಯ ಕಲ್ಲು

ಇವತ್ತು ಬೆಳಿಗ್ಗೆ ಅವಲಕ್ಕಿ ನೆನೆಸಲು ಅಗಲವಾದ ಪಾತ್ರೆಯೊಂದನ್ನು ಹುಡುಕುತ್ತಿದ್ದಾಗ ಅಡುಗೆಮನೆಯ ಕೆಳಗಿನ ಕಪಾಟಿನಲ್ಲಿ ನನ್ನದಲ್ಲದ ಒಂದು ಗಾಜಿನ ಟ್ರೇ ಸಿಕ್ಕಿತು. ಓವನ್ನಿನಲ್ಲಿ ಇಡುವಂಥದ್ದು, ದಪ್ಪ ಗಾಜಿನದು. ಮಗುಚಿ ನೋಡಿದರೆ ತಳಕ್ಕೆ ಅಂಟಿಸಿದ ಟೇಪಿನ ಮೇಲೆ ನೀಲಿ ಶಾಯಿಯಲ್ಲಿ ‘ಡೋರಿಸ್’ ಎಂದು ಬರೆದಿದೆ. ಮದುವೆಮನೆಗೆ ಎರವಲು ಹೋದ ಕೊಳಗ ತಪ್ಪದೆ ಹಿಂದಿರುಗಲಿ ಎಂದು ನಮ್ಮಮ್ಮಂದಿರು ಅದರ ಕಂಠದ ಮೇಲೆ ಹೆಸರು ಹೊಡೆಸುತ್ತಿದ್ದರಲ್ಲ, ಇಲ್ಲಿನ ಹೆಂಗಸರು ಚರ್ಚಿನ ಊಟಕ್ಕೆ ಒಯ್ಯುವ ಟ್ರೇಗಳ ಬೆನ್ನಿಗೆ ಹೀಗೆ ಟೇಪು ಅಂಟಿಸುತ್ತಾರೆ. ಹೆಸರಿದ್ದೂ ಇದು ಹಿಂದಿರುಗಲಿಲ್ಲ. ಇದರಲ್ಲಿ ಬಂದದ್ದು ಪೀಚ್ ಹಣ್ಣಿನ ಸಿಹಿ ಎಂದು ನನ್ನ ನೆನಪು. ಸೇಬಿನದೂ ಇದ್ದೀತು. ನನ್ನ ನೆನಪನ್ನು ನಾನೀಗ ಅಷ್ಟು ಸುಲಭವಾಗಿ ನಂಬುವುದಿಲ್ಲ. ಯಾಕೆ ಎನ್ನುವುದನ್ನೇ ನಿಮಗೆ ಹೇಳಹೊರಟಿದ್ದೇನೆ.

ನಾನಿರುವುದು ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ, ಫೋರ್ಟ್ ಮಿಲ್ ಎಂಬ ಊರಿನಲ್ಲಿ. ಕೆಲಸ ರಾಜ್ಯದ ಗಡಿಯಾಚೆ, ಷಾರ್ಲಟ್‌ನ ಒಂದು ಬ್ಯಾಂಕಿನಲ್ಲಿ. ಬೇರೆಯವರು ಕಟ್ಟಿದ ಲೆಕ್ಕದ ಮಾದರಿಗಳನ್ನು ಅನುಮಾನಿಸಲೆಂದೇ ಆ ಬ್ಯಾಂಕು ನನಗೆ ಸಂಬಳ ಕೊಡುತ್ತದೆ. ‘ಇದು ನಿಮಗೆ ಹೇಗೆ ಗೊತ್ತು?’ ಎಂದು ಕೇಳುವುದೇ ನನ್ನ ವೃತ್ತಿ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದುವಾಗ ಅಂಟಿದ ಈ ಚಟದಿಂದ ಬ್ಯಾಂಕಿಗೆ ಲಾಭ, ಮನೆಗೆ ನಷ್ಟ. “ನಿನ್ನ ಹತ್ರ ಒಂದು ಕತೆ ಹೇಳೋಕಾಗಲ್ಲಪ್ಪ, ಪ್ರೂಫ್ ಕೇಳ್ತೀಯ” ಎನ್ನುತ್ತಿದ್ದಳು ಹೆಂಡತಿ. ಅವಳಿಗೆ ಅಟ್ಲಾಂಟಾದಲ್ಲಿ ಕೆಲಸ ಸಿಕ್ಕಿತು. ಮೊದಮೊದಲು ಪ್ರತಿ ಶುಕ್ರವಾರ ನಾನು ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ, ಆಮೇಲೆ ಒಂದು ವಾರ ಬಿಟ್ಟು ಒಂದು ವಾರ. ಕೋವಿಡ್ ಬಂದಾಗ ಹೋಗದಿರಲು ಇಬ್ಬರಿಗೂ ಮರ್ಯಾದೆಯ ಕಾರಣವೊಂದು ಸಿಕ್ಕಿತು. ಕೋವಿಡ್ ಹೋಯಿತು, ಅಭ್ಯಾಸ ಉಳಿಯಿತು.

ಆ ಕೋವಿಡ್‌ನ ಎರಡನೆಯ ವರ್ಷ ಒಂದು ಮಧ್ಯಾಹ್ನ, ಪಕ್ಕದ ಮನೆಯ ಮಿಸ್ ಡೋರಿಸ್ ಮಾಸ್ಕು ಹಾಕಿಕೊಂಡು, ಕೈಯಲ್ಲೊಂದು ಪ್ರಿಂಟೌಟು ಹಿಡಿದು ಬಾಗಿಲು ತಟ್ಟಿದರು. ಎಂಬತ್ತು ದಾಟಿದ ವಿಧವೆ, ಮೂರನೆಯ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ಈ ಕಡೆ ಹಿರಿಯ ಹೆಂಗಸರನ್ನು, ಮದುವೆಯಾಗಿರಲಿ ಬಿಡಲಿ, ಹೆಸರಿಗೆ ಮಿಸ್ ಸೇರಿಸಿ ಕರೆಯುವುದು ರೂಢಿ, ನಮ್ಮ ‘ಆಂಟಿ’ ಇದ್ದ ಹಾಗೆ. ಅವರು ನನ್ನನ್ನು ‘ಹನೀ’ ಎನ್ನುತ್ತಿದ್ದರು. ಅಂಚೆಯವನನ್ನೂ ಹಾಗೇ ಕರೆಯುತ್ತಿದ್ದುದರಿಂದ ನಾನು ಹಿಗ್ಗಲು ಕಾರಣವಿರಲಿಲ್ಲ.

“ಹನೀ, ನೀನು ಮೈಸೂರಿನವನಲ್ವಾ?”

“ಆ ಕಡೆಯವನೇ. ಕೋಲಾರ. ಚಿನ್ನದ ಗಣಿ ಇತ್ತಲ್ಲ, ಆ ಊರು.”

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. “ಚಿನ್ನದ ಗಣಿ,” ಎಂದರು. “ಅಯ್ಯೋ ದೇವರೇ.”

ವಿಷಯ ಇಷ್ಟು. ಅವರ ಅಜ್ಜಿಯ ಮನೆಯವರು ಇಂಗ್ಲೆಂಡಿನ ನೈಋತ್ಯ ಮೂಲೆಯವರು, ತವರದ ಗಣಿಯಲ್ಲಿ ದುಡಿದವರು. ತವರದ ಬೆಲೆ ಕುಸಿದಾಗ ಆ ಊರುಗಳು ಬರಿದಾದವು. ಅಜ್ಜಿ ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಇಲ್ಲಿಗೆ, ಕೆರೊಲಿನಾದ ಚಿನ್ನದ ಗಣಿಗೆ ಬಂದಳು. ಹೌದು, ಇಲ್ಲೂ ಚಿನ್ನವಿತ್ತು. ನನಗೂ ಅವತ್ತೇ ತಿಳಿದದ್ದು. ಅಜ್ಜಿಯ ಅಣ್ಣ ಥಾಮಸ್ ಪೆನ್‌ಹೇಲ್ ಭೂಮಿಯ ಇನ್ನೊಂದು ದಿಕ್ಕು ಹಿಡಿದ. ಊರಿನ ವಾರಪತ್ರಿಕೆ ಪರದೇಶಕ್ಕೆ ಹೋದ ತನ್ನ ಗಣಿಯವರ ಸುದ್ದಿಯನ್ನು ತಪ್ಪದೆ ಅಚ್ಚುಹಾಕುತ್ತಿತ್ತು. ಮಿಸ್ ಡೋರಿಸ್ ಕೈಯಲ್ಲಿದ್ದದ್ದು ಅದರ ಎರಡು ಸಾಲು: ಥಾಮಸ್ ಪೆನ್‌ಹೇಲ್, ಮೈಸೂರಿನಲ್ಲಿ ಜ್ವರದಿಂದ ತೀರಿಕೊಂಡ. ಆ ಪತ್ರಿಕೆಗೆ ಕೋಲಾರವೆಂದರೆ ಬರೀ ಮೈಸೂರು.

“ಎಲ್ಲಿ ಹೂತರು ಅಂತ ಅಜ್ಜಿಗೆ ಯಾರೂ ಬರೆಯಲಿಲ್ಲ,” ಎಂದರು. “ಸಾಯೋವರೆಗೂ ಅದನ್ನೇ ಕೇಳ್ತಿದ್ದಳು. ನಾನು ಹುಡುಕ್ತೀನಿ ಅಂತ ಮಾತು ಕೊಟ್ಟುಬಿಟ್ಟಿದ್ದೀನಿ.”

ಅಲ್ಲಿಂದ ನಮ್ಮ ಹುಡುಕಾಟ ಶುರುವಾಯಿತು. ಅವರ ಜಗಲಿಯ ಆ ತುದಿಗೆ ಅವರು, ಈ ತುದಿಗೆ ನಾನು, ತೊಡೆಯ ಮೇಲೆ ಒಂದೊಂದು ಲ್ಯಾಪ್‌ಟಾಪು. ಹಳೆಯ ಪತ್ರಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಯಂತ್ರದಿಂದ ಓದಿಸಿದ್ದಾರೆ. ಮಸಿ ಹರಡಿದ ಕಡೆ ಯಂತ್ರ ತನಗೆ ತೋಚಿದ್ದನ್ನು ಓದುತ್ತದೆ. ಪೆನ್‌ಹೇಲ್ ಒಮ್ಮೆ ಪೆನ್ನಿ ಆಗುತ್ತಾನೆ, ಒಮ್ಮೆ ವೇಲ್, ಅಂದರೆ ತಿಮಿಂಗಿಲ. ಒಂದು ಜನಗಣತಿಯಿಂದ ಇನ್ನೊಂದಕ್ಕೆ ಅದೇ ಹೆಂಗಸು ಹತ್ತು ವರ್ಷಕ್ಕೆ ಆರು ವರ್ಷ ಮಾತ್ರ ದೊಡ್ಡವಳಾಗುತ್ತಾಳೆ. “ಬುದ್ಧಿವಂತೆ,” ಎಂದು ನಗುತ್ತಿದ್ದರು ಮಿಸ್ ಡೋರಿಸ್. ಅವರದು ಕಟ್ಟುನಿಟ್ಟಿನ ನಿಯಮ: ಎರಡು ಬೇರೆ ಬೇರೆ ಕಡೆ ಸಿಗುವ ತನಕ ಅದು ಗಾಳಿಮಾತು. ಬಹಳ ವರ್ಷಗಳ ಮೇಲೆ ನನ್ನ ಹಾಗೆ ಅನುಮಾನಪಡುವ ಒಂದು ಜೀವ ಸಿಕ್ಕಿತ್ತು. ಸಂಜೆ ಅವರು ದೀಪ ಹಾಕಿದ ಮೇಲೂ ಎದ್ದುಬರಲು ಮನಸ್ಸಾಗುತ್ತಿರಲಿಲ್ಲ. ನನ್ನ ವಂಶದಲ್ಲಿ ನನಗೆ ಗೊತ್ತಿರುವುದು ಶ್ರಾದ್ಧದಲ್ಲಿ ಹೇಳುವ ಮೂರು ತಲೆಮಾರು, ಅದೂ ಪುರೋಹಿತರು ಹೇಳಿಕೊಟ್ಟರೆ. ಆದರೆ ಮಿಸ್ ಡೋರಿಸ್‌ರ ಮುತ್ತಜ್ಜಿಯರ ಅಕ್ಕತಂಗಿಯರು ಯಾರು ಯಾವ ಜ್ವರದಲ್ಲಿ ಹೋದರೆಂದು ಈಗಲೂ ಬಾಯಿಪಾಠವಾಗಿ ಹೇಳಬಲ್ಲೆ.

ಒಂದು ದಿನ ಅವರು ಕೇಳಿದರು: “ನಿಮ್ಮೂರಲ್ಲಿ ಇಂಗ್ಲಿಷರ ಸ್ಮಶಾನ ಇತ್ತಾ?”

ಇತ್ತು. ನಾವು ದೊರೆಗಳ ಸ್ಮಶಾನ ಎನ್ನುತ್ತಿದ್ದೆವು. ಹೇಳುತ್ತಾ ಹೋದಂತೆ ಕಣ್ಣಿಗೆ ಕಟ್ಟಿತು. ಗೋಡೆ, ಗೇಟು, ಸೀಬೆಮರ, ಒಣಹುಲ್ಲಿನ ನಡುವೆ ಒಂದು ಬಿಳಿಯ ಕಲ್ಲು. ಕಲ್ಲಿನ ಮೇಲೆ ಕೆತ್ತಿದ ಹಕ್ಕಿ, ಅದರ ತಲೆ ಮುರಿದು ಹೋಗಿತ್ತು. ಕೆಳಗೆ ಹೆಸರು.

“ಪೆನ್‌ಹೇಲ್?” ಎಂದರು ಮಿಸ್ ಡೋರಿಸ್, ಪಿಸುದನಿಯಲ್ಲಿ.

ನಾನು ಕಣ್ಣು ಮುಚ್ಚಿದೆ. ಮೊದಲ ಅಕ್ಷರ ‘ಪಿ’ಯ ದುಂಡು ಹೊಟ್ಟೆ ನಿಚ್ಚಳವಾಗಿ ಕಾಣಿಸಿತು. ಹೌದು ಎಂದೆ. ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಅಷ್ಟು ಖಚಿತವಾಗಿ ಬೇರೆ ಯಾವ ದಿನವೂ ಅನ್ನಿಸಿರಲಾರದು. ಪೀಚೋ ಸೇಬೋ, ಆ ಸಿಹಿ ಬಂದದ್ದು ಅವತ್ತು ಸಂಜೆ.

ಇಂಟರ್ನೆಟ್ಟಿನಲ್ಲಿ ಅವರು ಬೆಳೆಸುತ್ತಿದ್ದ ವಂಶವೃಕ್ಷದಲ್ಲಿ ಥಾಮಸ್‌ನ ಹೆಸರಿನ ಮುಂದೆ ಕಲ್ಲು, ಹಕ್ಕಿ ಎಲ್ಲ ಸೇರಿದವು. ಆಧಾರ ಎಂಬ ಕಡೆ ನನ್ನ ಹೆಸರು. ಎರಡನೆಯ ಸಾಕ್ಷಿಯೆಲ್ಲಿ ಎಂದು ಅವರೂ ಕೇಳಲಿಲ್ಲ, ನಾನೂ ನೆನಪಿಸಲಿಲ್ಲ. ಕೆಲವು ತಿಂಗಳ ಮೇಲೆ ಏನೋ ಹುಡುಕುತ್ತಿದ್ದವನಿಗೆ ಆಸ್ಟ್ರೇಲಿಯಾದ ಯಾರದೋ ವಂಶವೃಕ್ಷದಲ್ಲಿ ಅದೇ ಹಕ್ಕಿ ಸಿಕ್ಕಿತು. ಇಂಗ್ಲೆಂಡಿನ ಇನ್ನೊಬ್ಬರಲ್ಲೂ ಸಿಕ್ಕಿತು. ನೋಡಿದೆಯಾ, ಪ್ರಪಂಚಕ್ಕೇ ಗೊತ್ತಿದೆ ಎಂದು ಎದೆಯುಬ್ಬಿತು. ಕೆಳಗೆ ಆಧಾರ ನೋಡಿದರೆ ಎರಡು ಕಡೆಯೂ ನನ್ನದೇ ಹೆಸರು, ಕಾಗುಣಿತ ತಪ್ಪಾಗಿ. ಬ್ಯಾಂಕಿನಲ್ಲಿ ಯಾರಾದರೂ ಇಂಥ ಲೆಕ್ಕ ತಂದಿದ್ದರೆ ಓಡಿಸುತ್ತಿದ್ದೆ. ಆದರೂ ಆ ಅರ್ಧ ನಿಮಿಷದ ಸಂತೋಷ ನಿಜವಾಗಿತ್ತು.

ಅಷ್ಟರಲ್ಲಿ ಮಿಸ್ ಡೋರಿಸ್ ಅಜ್ಜಿಯ ಸಮಾಧಿಗೆ ಹೊಸ ಕಲ್ಲು ಮಾಡಿಸಲು ಹೊರಟಿದ್ದರು. ಅಜ್ಜಿಯ ಹೆಸರಿನ ಕೆಳಗೆ ಅಣ್ಣನ ಹೆಸರು, ಅವನು ಮಲಗಿರುವ ಜಾಗ, ಮೇಲೆ ಒಂದು ಹಕ್ಕಿ. ಕೆತ್ತುವವನು ಕಳಿಸಿದ ಚಿತ್ರ ತೋರಿಸಿದರು. “ನಮ್ಮ ಹಕ್ಕಿಗೆ ತಲೆ ಇರತ್ತೆ ಕಣೋ,” ಎಂದು ನಕ್ಕರು. “ಸೋಮವಾರ ಹೂಂ ಅಂದ್ರೆ ಕೆತ್ತೋಕೆ ಶುರು ಮಾಡ್ತಾನೆ. ರೆಕ್ಕೆ ಹೀಗೇ ಇತ್ತಾ, ಬಿಚ್ಚಿಕೊಂಡು?”

ರೆಕ್ಕೆ ನನಗೆ ನೆನಪಿರಲಿಲ್ಲ. ಬಂಗಾರಪೇಟೆಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕಾ, ದೊರೆಗಳ ಸ್ಮಶಾನದಲ್ಲಿ ತಲೆ ಮುರಿದ ಹಕ್ಕಿ ಇತ್ತಲ್ಲ, ಅದರ ರೆಕ್ಕೆ ಬಿಚ್ಚಿತ್ತಾ, ಮುಚ್ಚಿತ್ತಾ?”

“ಮುಚ್ಚಿತ್ತು. ಯಾಕೋ, ಅಮೆರಿಕದಲ್ಲಿ ಕೂತ್ಕೊಂಡು ಗೋರಿ ವಿಚಾರಿಸ್ತಿದ್ದೀಯ? ಬೇರೆ ಕೆಲಸ ಇಲ್ವಾ? ಅದ್ಸರಿ, ಆ ಹಕ್ಕಿ ನಿಂಗ್ಹೇಗೆ ಗೊತ್ತು?”

“ನೋಡಿದ್ದೀನಲ್ಲ.”

“ನೀನೆಲ್ಲೋ ನೋಡಿದ್ದೀಯ! ಆ ಗೇಟು ನೀನು ದಾಟೇ ಇಲ್ಲ. ದೆವ್ವ ಅಂತ ರಸ್ತೆ ಆ ಕಡೆಯಿಂದ ಓಡ್ತಿದ್ದೆ. ಹಾಸಿಗೇಲಿ ನಿನ್ನನ್ನ ಹೆದರ್ಸೋಕೆ ನಾನು ಹೇಳ್ತಿದ್ದೆ, ತಲೆ ಇಲ್ದಿರೋ ಹಕ್ಕಿ ಬರತ್ತೆ, ಸುಮ್ನೆ ಮಲ್ಕೋ ಅಂತ.”

ಫೋನಿಟ್ಟೆ. ಹಕ್ಕಿ ಅಕ್ಕನದು. ಹೆಸರು ಮಿಸ್ ಡೋರಿಸ್‌ರದು. ಎರಡನ್ನೂ ಸೇರಿಸಿ ಹೊಲಿದ ದಾರ ಮಾತ್ರ ನನ್ನದು. ಸೋಮವಾರ ಅದು ಕಲ್ಲಾಗಲಿತ್ತು.

ಮರುದಿನ ಜಗಲಿಯಲ್ಲಿ ನಿಂತುಕೊಂಡೇ ಹೇಳಿದೆ. ಮೊದಲು ತಮಾಷೆ ಎಂದುಕೊಂಡು ನಕ್ಕರು.

“ಪೆನ್‌ಹೇಲ್ ಅಂತ ಓದಿದೆ ಅಂದೆಯಲ್ಲ?”

“ನೀವು ಆ ಹೆಸರು ಹೇಳಿದ ಮೇಲೆ ಓದಿದೆ, ಮಿಸ್ ಡೋರಿಸ್.”

“ಜೀವಮಾನವೆಲ್ಲ ಮೂರನೇ ಕ್ಲಾಸಿನ ಮಕ್ಕಳ ನೆಪ ಕೇಳಿದ್ದೀನಿ,” ಎಂದರು. “ಇಂಥದ್ದು ಕೇಳಿರಲಿಲ್ಲ.” ಚಿತ್ರವನ್ನು ಮಡಿಸಿಕೊಂಡು ಒಳಗೆ ಹೋದರು. ಬಾಗಿಲು ಮೆಲ್ಲಗೇ ಮುಚ್ಚಿತು, ಬಡಿದಿದ್ದರೆ ವಾಸಿಯಿತ್ತು. ಆ ವಾರ ಅವರ ಜಗಲಿ ಖಾಲಿ. ನಾನು ಆಫೀಸಿನ ಕರೆಗಳಲ್ಲಿ ಬಿಟ್ಟರೆ ಯಾರ ಜೊತೆಯೂ ಮಾತಾಡಲಿಲ್ಲ, ಅಲ್ಲಿಯೂ ಹೆಚ್ಚಿನ ಹೊತ್ತು ಮೈಕು ಮುಚ್ಚಿತ್ತು.

ಆಮೇಲೆ ಒಂದು ಬೆಳಿಗ್ಗೆ ಬಾಗಿಲ ಸದ್ದು, ಮಿಸ್ ಡೋರಿಸ್. “ಕೆತ್ತೋನಿಗೆ ಕಾಯೋಕೆ ಹೇಳಿದ್ದೀನಿ. ನಿನ್ನ ಅಕ್ಕ ಇದ್ದಾಳೆ ತಾನೆ?”

“ಇದ್ದಾಳೆ.”

“ಮತ್ತೆ ನಾನ್ಯಾಕೆ ನಿನ್ನ ಹತ್ರ ಮಾತಾಡ್ತಿದ್ದೀನಿ?”

ವಿಡಿಯೋ ಕರೆಯಲ್ಲಿ ಅಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಳು. “ಹಲೋ ಮೇಡಂ. ಟಿಫಿನ್ ಆಯ್ತಾ?” ನಡುವೆ ನಾನು ದುಭಾಷಿ.

“ಕಲ್ಲಿನ ಮೇಲೆ ಯಾರ ಹೆಸರಿತ್ತು ಕೇಳು,” ಎಂದರು ಮಿಸ್ ಡೋರಿಸ್.

“ಗೊತ್ತಿಲ್ಲ ಅಂತ ಹೇಳೋ. ನಾನು ಕನ್ನಡ ಮೀಡಿಯಂ. ಆವಾಗ ನಂಗೆ ಎಬಿಸಿಡಿನೂ ಬರ್ತಿರ್ಲಿಲ್ಲ.”

ಮಿಸ್ ಡೋರಿಸ್ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಅಜ್ಜಿಗೆ ಕೊಟ್ಟ ಮಾತು ಅಲ್ಲಿಗೆ ಮುಗಿಯಿತು. ಕೇಳಲು ಇನ್ನೇನೂ ಇಲ್ಲದೆ, ಕೇಳಿದರು: “ಅಷ್ಟು ಚಿಕ್ಕ ಹುಡುಗಿ ಸ್ಮಶಾನಕ್ಕೆ ಯಾಕೆ ಹೋಗ್ತಿದ್ದಳು?”

“ಅಮ್ಮ ಕರ್ಕೊಂಡು ಹೋಗ್ತಿದ್ದಳು,” ಎಂದಳು ಅಕ್ಕ. “ನಿನ್ನನ್ನ ಪಕ್ಕದ ಮನೇಲಿ ಬಿಟ್ಟು. ಅಲ್ಲಿ ಕೂತ್ಕೊಂಡು ಅಳ್ತಿದ್ದಳು. ಆಮೇಲೆ ಮುಖ ಒರೆಸ್ಕೊಂಡು ಮನೆಗೆ ಬರ್ತಿದ್ವಿ.”

ಇದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಇಂಗ್ಲಿಷಿನಲ್ಲಿ, “ನಮ್ಮಮ್ಮ ಅಲ್ಲಿ ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳುತ್ತಿದ್ದಳಂತೆ” ಎಂದೆ.

“ನೋ ನೋ ಮೇಡಂ,” ಎಂದಳು ಅಕ್ಕ ತೆರೆಯ ಹತ್ತಿರ ಬಂದು. “ಕ್ರೈಯಿಂಗ್. ಮದರ್ ಕ್ರೈಯಿಂಗ್.”

ಮಿಸ್ ಡೋರಿಸ್ ನನ್ನ ಕಡೆ ನೋಡಿದರು, ಅಕ್ಕನ ಕಡೆ ನೋಡಿದರು. “ಯಾಕೆ ಅಂತ ಕೇಳು.”

“ಏನೋಪ್ಪ. ನಾನು ಕೇಳಲಿಲ್ಲ,” ಎಂದಳು ಅಕ್ಕ. “ನಾನು ಸೀಬೆಮರದ ಮೇಲಿರ್ತಿದ್ದೆ.”

ಮಿಸ್ ಡೋರಿಸ್ ವಂಶವೃಕ್ಷದಿಂದ ಹಕ್ಕಿಯನ್ನೂ ಕಲ್ಲನ್ನೂ ತೆಗೆದರು. ಆಸ್ಟ್ರೇಲಿಯಾದವರಿಗೂ ಇಂಗ್ಲೆಂಡಿನವರಿಗೂ ನಾನು ಬರೆದೆ, ಉತ್ತರ ಬರಲಿಲ್ಲ. ನಾನು ನೋಡದ ಆ ಹಕ್ಕಿ ಅವರ ವಂಶವೃಕ್ಷಗಳಲ್ಲಿ ಈಗಲೂ ಇದೆ. ಕಳೆದ ವರ್ಷ ಮಿಸ್ ಡೋರಿಸ್ ವಾಷಿಂಗ್ಟನ್ನಿನ ಹತ್ತಿರ, ವರ್ಜೀನಿಯಾದಲ್ಲಿರುವ ಮಗಳ ಮನೆಗೆ ಹೋದರು. ಅವರ ಜಗಲಿಯಲ್ಲಿ ಈಗ ಯಾರದೋ ಸೈಕಲ್ಲುಗಳಿವೆ.

ಟ್ರೇ ಸಿಕ್ಕಿದ ನೆಪದಲ್ಲಿ ಇವತ್ತು ಫೋನ್ ಮಾಡಿದೆ. ದನಿ ಸಣ್ಣದಾಗಿದೆ. “ಅದನ್ನ ನೀನೇ ಇಟ್ಕೋ,” ಎಂದರು. “ಅಜ್ಜಿಯ ಕಲ್ಲು ಹೇಗಿದೆ, ಒಂದು ಸಲ ಹೋಗಿ ನೋಡಿ ಬರ್ತೀಯಾ ಹನೀ? ಇಲ್ಲಿಂದ ಇನ್ನು ನನ್ನ ಕೈಲಾಗಲ್ಲ.”

ಮಧ್ಯಾಹ್ನ ಹೋದೆ. ಊರಾಚೆಯ ಸಣ್ಣ ಚರ್ಚು, ಹಿಂದೆ ಸಮಾಧಿಗಳು. ಕಲ್ಲು ನೆಟ್ಟಗಿದೆ. ಅಜ್ಜಿಯ ಹೆಸರು, ಕೆಳಗೆ, ಅವಳ ಅಣ್ಣ ಥಾಮಸ್, ಮೈಸೂರಿನಲ್ಲಿ ತೀರಿಕೊಂಡವನು. ಪತ್ರಿಕೆ ಹೇಳಿದಷ್ಟೇ, ಒಂದಕ್ಷರ ಹೆಚ್ಚಿಲ್ಲ. ಫೋಟೋ ತೆಗೆದು ಕಳಿಸಿದೆ. ಅಲ್ಲಿಗೆ ಕೆಲಸ ಮುಗಿಯಿತು, ಹೊರಡಬಹುದಿತ್ತು. ಮನೆಯಲ್ಲಿ ಯಾರೂ ಕಾಯುತ್ತಿರಲಿಲ್ಲ. ಹುಲ್ಲಿನ ಮೇಲೆ ಕೂತೆ. ಎಷ್ಟು ಹೊತ್ತು ಕೂತೆನೋ, ಹುಲ್ಲು ಕತ್ತರಿಸುವ ಯಂತ್ರ ತಳ್ಳಿಕೊಂಡು ಬಂದ ಮುದುಕನೊಬ್ಬ ನನ್ನನ್ನು ಕಂಡು ಯಂತ್ರ ನಿಲ್ಲಿಸಿದ. ನನ್ನ ಮುಖದಲ್ಲಿ ಏನು ಕಂಡನೋ. ಟೋಪಿ ತೆಗೆದು ತಲೆ ಬಾಗಿಸಿ, ಯಂತ್ರವನ್ನು ಹಿಂದಕ್ಕೆ ತಿರುಗಿಸಿಕೊಂಡು ಸಮಾಧಿಗಳ ಆಚೆ ತುದಿಗೆ ಹೋದ. ಯಾರು, ಏನು, ಯಾಕೆ ಎಂದು ಕೇಳಲಿಲ್ಲ.

ಕೋಲಾರದಲ್ಲಿ ನಾವಿದ್ದ ಗಣಿಯ ಲೈನು ಮನೆಗಳಲ್ಲಿ ಎರಡು ಮನೆಗೆ ಒಂದೇ ಗೋಡೆ. ಅಮ್ಮ ಮೂಗೆಳೆದರೆ ಆ ಕಡೆಯಿಂದ ಒಬ್ಬಾಕೆ ತಮಿಳಿನಲ್ಲಿ, ಈ ಕಡೆಯಿಂದ ಒಬ್ಬಾಕೆ ತೆಲುಗಿನಲ್ಲಿ ಏನಾಯಿತು ಎನ್ನುತ್ತಿದ್ದರು. ತುಮಕೂರಿನ ಕಡೆಯಿಂದ ಬಂದ ಅಮ್ಮನಿಗೆ ಎರಡೂ ಬರುತ್ತಿರಲಿಲ್ಲ. ಅಪ್ಪ ಕನ್ನಡದಲ್ಲಿ ಕೇಳುತ್ತಿದ್ದರು. ಅದಕ್ಕೂ ಅವಳಲ್ಲಿ ಉತ್ತರವಿತ್ತೋ ಇಲ್ಲವೋ. ಅಳುವವರನ್ನು ಯಾಕೆ ಎಂದು ಕೇಳದ ಜಾಗ ಆ ಊರಿನಲ್ಲಿ ಒಂದೇ ಒಂದು ಇತ್ತು. ಅಮ್ಮ ಅದನ್ನು ಹುಡುಕಿಕೊಂಡಿದ್ದಳು.

ಇದಕ್ಕೆ ನನ್ನಲ್ಲಿ ಯಾವ ಆಧಾರವೂ ಇಲ್ಲ. ಬ್ಯಾಂಕಿನಲ್ಲಾದರೆ ನಾನೇ ಕೆಂಪು ಗೆರೆ ಎಳೆಯುತ್ತಿದ್ದೆ. ಇಲ್ಲಿ ಎಳೆಯಲಿಲ್ಲ. ಮುದುಕನ ಯಂತ್ರ ಆಚೆ ತುದಿಯಲ್ಲಿ ಸದ್ದು ಮಾಡುತ್ತಿರುವಷ್ಟು ಹೊತ್ತೂ ಅಲ್ಲೇ ಕೂತಿದ್ದು, ಆಮೇಲೆ ಮುಖ ಒರೆಸಿಕೊಂಡು ಎದ್ದೆ.